ಉಳಿಯ ಹಿಡಿ, ಕೈಯ ಪಾಡು

ಮುಂಬಾದೇವಿಯ ಗುಡಿಯ ಬಳಿಯ ಝವೇರಿ ಬಜಾರವನ್ನು ಒಮ್ಮೆಯಾದರೂ ಹೊಕ್ಕು ಬಾರದ ಕನ್ನಡಿಗರು ಮುಂಬಯಿಯಲ್ಲಿ ವಿರಳ. ತಂಗಿಯ ಮದುವೆಗೆಂದು ಒಂದು ಜೊತೆ ಬೆಂಡೋಲೆ, ತಾಯಿಗೆಂದು ಒಂದೆಳೆಯ ಸರ, ಇಲ್ಲವೆ ಊರಿಗೆ ಹೊರಡುವ ಮೊದಲು ಉಳಿತಾಯದ ಹಣಕ್ಕೊಂದು ಉಂಗುರ, ಹೀಗೆ ಯಾವುದಾದರೊಂದು ನೆಪದಿಂದ ನಾವೆಲ್ಲರೂ ಶೇಖ್ ಮೆಮನ್ ಬೀದಿಯ ಜನಜಂಗುಳಿಯಲ್ಲಿ ನುಸುಳಿ ಬಂದವರೇ. ಹೋಟೆಲು ಕೆಲಸದ ನಮ್ಮ ಹುಡುಗರಲ್ಲಿ ಕೆಲವರಿಗೆ ಆ ಪೇಟೆಯ ಇನ್ನೊಂದು ಮುಖವೂ ಪರಿಚಿತವಾಗಿದೆ. ಗಾಜಿನ ಕಪಾಟುಗಳ ಥಳಥಳಿಕೆಯ ಹಿಂದೆ, ಇಕ್ಕಟ್ಟಾದ ಮರದ ಮೆಟ್ಟಿಲುಗಳನ್ನೇರಿ, ಚಹದ ಕಿಟ್ಲಿಯನ್ನು ಹಿಡಿದು ಮೂರನೆಯ ಮಾಳಿಗೆಗೆ ಹೋದವರು ಅವರು. ಅಲ್ಲಿನ ಹತ್ತಡಿ ಅಗಲದ ಕೋಣೆಯಲ್ಲಿ ಎಂಟು ಹತ್ತು ಮಂದಿ ಬೆನ್ನು ಬಾಗಿಸಿ, ತಲೆಯ ಮೇಲೆ ಇಳಿಬಿಟ್ಟ ದೀಪದ ಕೆಳಗೆ, ಅಕ್ಕಿಕಾಳಿಗಿಂತ ಚಿಕ್ಕದಾದ ಹರಳುಗಳನ್ನು ಚಿನ್ನದಲ್ಲಿ ಕೂರಿಸುತ್ತಿರುವುದನ್ನು ಕಂಡವರೂ ಅವರೇ. ಚಹ ಕೊಟ್ಟು ಗ್ಲಾಸು ಮರಳಿ ಪಡೆಯುವಷ್ಟರಲ್ಲಿ ಆ ಕೈಗಳ ಕಡೆಗೆ ಒಂದು ಕ್ಷಣ ದೃಷ್ಟಿ ಹಾಯಿಸಿದ್ದರೆ, ಪ್ರತಿಯೊಂದು ಅಂಗೈಯೊಳಗೂ ಅಣಬೆಯಂತಹ ಒಂದು ಮರದ ಗುಬುಟು ಅಡಗಿ ಕುಳಿತಿರುವುದು ಕಾಣಿಸಿರಬಹುದು. ಅದೇ ಉಳಿಯ ಹಿಡಿ. ಈ ಲೇಖನವು ಆ ಹಿಡಿಯನ್ನು ಕುರಿತದ್ದು.

ಇಷ್ಟು ಕ್ಷುದ್ರವಾದ ವಸ್ತುವಿಗೆ ಪತ್ರಿಕೆಯಲ್ಲಿ ಇಷ್ಟೊಂದು ಸ್ಥಳವೇಕೆಂದು ವಾಚಕರು ಕೇಳಬಹುದು. ಕೆಲವು ತಿಂಗಳ ಹಿಂದೆ ನನಗೂ ಹಾಗೆಯೇ ಅನಿಸುತ್ತಿತ್ತು. ನನ್ನ ಅಭಿಪ್ರಾಯವನ್ನು ಬದಲಾಯಿಸಿದವನು ಬೈಂದೂರು ಕಡೆಯ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ. ಸೋದರಮಾವನ ಹೋಟೆಲಿನಲ್ಲಿ ಮೂರು ವರ್ಷ ಗಲ್ಲಾ ನೋಡಿಕೊಂಡಿದ್ದ ಆತನು, ಕೈಯಲ್ಲಿ ಒಂದು ಕಸುಬು ಇರಲೆಂಬ ಆಸೆಯಿಂದ ಉಪನಗರದ ಒಂದು ಸಣ್ಣ ಆಭರಣ ಕಾರ್ಖಾನೆಯಲ್ಲಿ ಹರಳು ಕೂರಿಸುವ ಕೆಲಸವನ್ನು ಕಲಿಯಲು ಸೇರಿದನು. ಎಂಟು ತಿಂಗಳು ತುಂಬುವುದರೊಳಗೆ ಅವನ ಬಲಗೈ ಮಣಿಕಟ್ಟು ಊದಿಕೊಂಡಿತು. ರಾತ್ರಿ ಎರಡು ಗಂಟೆಗೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿದು ನಿದ್ರೆ ಕೆಡುತ್ತಿತ್ತು. ಬೆಳಿಗ್ಗೆ ಚಹದ ಲೋಟ ಎತ್ತಲೂ ಹಿಂಜರಿಯುವ ಸ್ಥಿತಿ. "ಈ ಕೆಲಸ ನನ್ನ ಹಣೆಯಲ್ಲಿ ಬರೆದಿಲ್ಲ ಮಾವ, ಊರಿಗೇ ಹೋಗುತ್ತೇನೆ" ಎಂದು ಅವನು ನನ್ನ ಮುಂದೆ ಹೇಳಿದಾಗ, ಕಛೇರಿಯಲ್ಲಿ ಮೂವತ್ತು ವರ್ಷ ಲೇಖಣಿ ತಿರುವಿದ ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಆದರೆ ಹೇಳಬಲ್ಲವರೊಬ್ಬರ ಪರಿಚಯವು ನನಗಿತ್ತು.

ಅಕ್ಕಸಾಲಿಗರಿಗೂ ಈ ನಗರಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಗೋವೆಯಿಂದ ಕಾರವಾರ, ಕುಮಟಾ, ಹೊನ್ನಾವರಗಳವರೆಗೆ ಹರಡಿದ ದೈವಜ್ಞ ಸಮಾಜದವರೂ, ಅದಕ್ಕೂ ದಕ್ಷಿಣದ ಕರಾವಳಿಯಿಂದ ಬಂದ ವಿಶ್ವಕರ್ಮ ಆಚಾರಿಗಳೂ ಇಲ್ಲಿ ಬಹುಕಾಲದಿಂದ ಕುಲುಮೆ ಹೂಡಿದ್ದರು. ಬೋರಿಬಂದರದಿಂದ ಠಾಣೆಗೆ ೧೮೫೩ರಲ್ಲಿ ಮೊದಲ ರೈಲು ಓಡಿಸಿದ ಕಂಪನಿಯ ಪ್ರಥಮ ನಿರ್ದೇಶಕರಲ್ಲಿ ಒಬ್ಬರಾಗಿದ್ದ ಜಗನ್ನಾಥ ಶಂಕರಶೇಟರು (೧೮೦೩–೧೮೬೫) ಇದೇ ದೈವಜ್ಞ ಸಮಾಜಕ್ಕೆ ಸೇರಿದವರು. ಇಂದು ಬಜಾರದ ಮಾಳಿಗೆಗಳಲ್ಲಿ ಕುಳಿತಿರುವವರಲ್ಲಿ ಬಹುಸಂಖ್ಯಾತರು ಬಂಗಾಳದ ಹೂಗ್ಲಿ, ಮೇದಿನೀಪುರಗಳ ಕಡೆಯ ಕಾರಿಗರರು. ನಮ್ಮವರು ಅಲ್ಲೊಬ್ಬ ಇಲ್ಲೊಬ್ಬ. ಸಮೀಪದಲ್ಲಿಯೇ ಲೋಹಾರ್ ಚಾಳ್, ಸುತಾರ್ ಚಾಳ್ ಎಂಬ ಹೆಸರಿನ ಕೇರಿಗಳಿವೆಯಷ್ಟೆ. ಅಲ್ಲಿ ಕಮ್ಮಾರನೂ ಇಲ್ಲ, ಬಡಗಿಯೂ ಇಲ್ಲ. ವಿದ್ಯುತ್ ದೀಪ, ತಂತಿ, ಗುಂಡಿಗಳ ಅಂಗಡಿಗಳೇ ತುಂಬಿವೆ. ಕಸುಬು ಹೋದ ಮೇಲೂ ಹೆಸರು ಉಳಿಯುವ ಊರು ಇದು.

ನಾನು ಹೇಳಿದ ಹಿರಿಯರು ಈಗ ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಎಂಬತ್ತರ ಅಂಚಿನ ವಯಸ್ಸು. ಕುಂದಾಪುರದ ಕಡೆಯವರು. ೧೯೫೯ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ದೂರದ ಸಂಬಂಧಿಯೊಬ್ಬರ ಬೆನ್ನು ಹಿಡಿದು ಮುಂಬಯಿಗೆ ಬಂದು, ಕಾಲಬಾದೇವಿಯ ಒಂದು ಗಲ್ಲಿಯಲ್ಲಿ ತಿದಿ ಊದುವುದರಿಂದ ತೊಡಗಿ, ಕೆತ್ತನೆಯ ಕೆಲಸಕ್ಕೂ ಹರಳಿನ ಕೆಲಸಕ್ಕೂ ಹೆಸರಾದವರು. ಒಂದು ಭಾನುವಾರ ಹುಡುಗನನ್ನು ಕರೆದುಕೊಂಡು ಅವರಲ್ಲಿಗೆ ಹೋದೆನು.

"ಆಚಾರ್ರೇ, ಇವನ ಕೈ ಸ್ವಲ್ಪ ನೋಡಿ" ಎಂದೆ.

"ಕೈ ನೋಡಲಿಕ್ಕೆ ನಾನೇನು ಜೋಯಿಸನೇ, ಮಾರಾಯ್ರೇ? ಉಳಿ ತಂದಿದ್ದಾನೋ?" ಎಂದರು ಅವರು.

ಹುಡುಗನು ಚೀಲದಿಂದ ಒಂದು ಡಬ್ಬಿಯನ್ನು ತೆಗೆದು ಮುಂದಿಟ್ಟನು. ಅದರೊಳಗೆ ಐದು ಉಳಿಗಳಿದ್ದವು. ಐದಕ್ಕೂ ಒಂದೇ ಅಚ್ಚಿನ ಹಳದಿ ಪ್ಲಾಸ್ಟಿಕ್ ಹಿಡಿ. ಆಚಾರ್ಯರು ಒಂದನ್ನು ಎತ್ತಿ ತಮ್ಮ ಅಂಗೈಯಲ್ಲಿ ಕೂರಿಸಿ, ಮತ್ತೆ ಹುಡುಗನ ಅಂಗೈಯಲ್ಲಿ ಕೂರಿಸಿ, ನಗಲೂ ಇಲ್ಲ, ಸಿಡುಕಲೂ ಇಲ್ಲ. "ಇದು ನಿನಗೆ ಮಾಡಿದ್ದಲ್ಲ ಮಗಾ. ನಿನಗಿಂತ ಎರಡು ಬೆರಳು ದೊಡ್ಡ ಕೈಯವನಿಗೆ ಮಾಡಿದ್ದು. ಅವನು ಯಾರೋ, ಎಲ್ಲಿದ್ದಾನೋ" ಎಂದರು.

ಮುಂದಿನ ಎರಡು ಗಂಟೆಗಳ ಕಾಲ ಅವರು ಹೇಳಿದ್ದನ್ನೂ ಮಾಡಿ ತೋರಿಸಿದ್ದನ್ನೂ ನನಗೆ ತಿಳಿದಂತೆ ಇಲ್ಲಿ ನಿರೂಪಿಸುವೆನು.

ಲೋಹದ ಮೇಲೆ ಕೆತ್ತುವ ಉಳಿಗಳಲ್ಲಿ ಮೂಲತಃ ಎರಡು ಜಾತಿ. ಸುತ್ತಿಗೆಯಿಂದ ಹೊಡೆಸಿಕೊಳ್ಳುವುದು ಒಂದು, ಅಂಗೈಯಿಂದ ತಳ್ಳಿಸಿಕೊಳ್ಳುವುದು ಇನ್ನೊಂದು. ನಮ್ಮ ಬೀದರಿನ ಬಿದ್ರಿ ಕೆಲಸವನ್ನು ನೋಡಿದವರಿಗೆ ಮೊದಲನೆಯದು ಸುಲಭವಾಗಿ ಅರ್ಥವಾಗುವುದು. ಹದಿನಾರು ಪಾಲು ಸತುವು, ಒಂದು ಪಾಲು ತಾಮ್ರ ಸೇರಿದ ಎರಕದ ಮೇಲೆ, ಸಣ್ಣ ಸುತ್ತಿಗೆಯ ಟಕಟಕ ಪೆಟ್ಟಿನಿಂದ ಉಕ್ಕಿನ ಉಳಿಯನ್ನು ನಡೆಸಿ, ಬಳ್ಳಿ ಹೂವುಗಳ ಗೀರು ತೋಡಿ, ಅದರೊಳಗೆ ಬೆಳ್ಳಿಯ ತಂತಿಯನ್ನೂ ತಗಡನ್ನೂ ಕೂರಿಸುವರು. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕುದಿಸಿದ ನೀರಿನಲ್ಲಿ ಅದ್ದಿದಾಗ ಎರಕವು ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ನಿಲ್ಲುವುದು. ಈ ಕಲೆಗಾಗಿ ಬೀದರಿನ ಶಾ ರಶೀದ್ ಅಹ್ಮದ್ ಕಾದ್ರಿಯವರಿಗೆ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತುದು ವಾಚಕರಿಗೆ ನೆನಪಿರಬಹುದು. ಸುತ್ತಿಗೆಯ ಪೆಟ್ಟು ತಿನ್ನುವ ಇಂತಹ ಉಳಿಗೆ ಮರದ ಹಿಡಿ ಬೇಕಿಲ್ಲ. ಹಾಕಿದರೆ ಸೀಳೀತು. ಬೆರಳುಗಳು ಅದಕ್ಕೆ ದಾರಿ ತೋರಿಸುತ್ತವೆಯೇ ಹೊರತು ಬಲ ಕೊಡುವುದಿಲ್ಲ.

ತಳ್ಳುವ ಉಳಿಯ ಕಥೆಯೇ ಬೇರೆ. ಉಂಗುರದ ಒಳಮೈಯಲ್ಲಿ ಹೆಸರು ಕೆತ್ತುವಾಗ, ಹರಳಿನ ಸುತ್ತ ಚಿನ್ನವನ್ನು ಹೆರೆದು ಸಾಸಿವೆಯಷ್ಟು ಮಣಿಗಳನ್ನು ಎಬ್ಬಿಸುವಾಗ, ಸುತ್ತಿಗೆಗೆ ಅಲ್ಲಿ ಎಡೆಯಿಲ್ಲ. ಬಲವೆಲ್ಲ ಅಂಗೈಯಿಂದ ಬರಬೇಕು. ಆ ಬಲವು ತೋಳಿನಿಂದ ಅಂಗೈಗೆ, ಅಂಗೈಯಿಂದ ಹಿಡಿಗೆ, ಹಿಡಿಯಿಂದ ಉಕ್ಕಿಗೆ ಇಳಿದು, ಕೂದಲೆಳೆಯಷ್ಟು ತುದಿಯಲ್ಲಿ ಒಟ್ಟುಗೂಡುವುದು. ಹೆಬ್ಬೆರಳು ಮಾತ್ರ ಆಭರಣದ ಮೇಲೆ ಊರಿ ನಿಂತು, ಉಳಿಗೆ ಕಡಿವಾಣ ಹಾಕುವುದು. ತಳ್ಳುವವನೂ ತಡೆಯುವವನೂ ಒಂದೇ ಕೈ! ಈ ಎರಡು ವಿರುದ್ಧ ಕಾರ್ಯಗಳ ನಡುವೆ ಇರುವ ಏಕೈಕ ಮಧ್ಯಸ್ಥನೇ ಹಿಡಿ. ಅದು ಕೈಗೆ ಒಗ್ಗದಿದ್ದರೆ ಕೈ ತಾನೇ ಅದಕ್ಕೆ ಒಗ್ಗಲು ಹೆಣಗುವುದು. ಮಣಿಕಟ್ಟು ಸೊಟ್ಟಗಾಗಿ, ಬೆರಳುಗಳು ಬೇಡದ ಬಿಗಿತವನ್ನು ತಂದುಕೊಂಡು, ಆರು ತಿಂಗಳಿಗೋ ವರ್ಷಕ್ಕೋ ಅದರ ಫಲ ಕಾಣುವುದು. ಹುಡುಗನಿಗೆ ಆದುದು ಇದೇ.

ಅಣಬೆಯಾಕಾರದ ಹಿಡಿ ಹೇಗಿರುವುದೆಂದು ಗುಮಾಸ್ತರಿಗೆ ನಾನು ಬೇರೆ ವಿವರಿಸಬೇಕಾಗಿಲ್ಲ. ಹಳೆಯ ಕಾಲದ ಕಛೇರಿಗಳ ರಬ್ಬರ್ ಮೊಹರಿನ ಮರದ ಹಿಡಿಯನ್ನು ನೆನಪಿಸಿಕೊಂಡರೆ ಸಾಕು. ಅಂಗೈಯ ಗುಳಿಯಲ್ಲಿ ಕೂಡುವ ಆ ಗುಂಡುತಲೆ, ಕೆಳಗೆ ಸಣ್ಣಗಾದ ಕೊರಳು, ಎಲ್ಲವೂ ಅದೇ. ಭೇದವಿಷ್ಟೇ: ಕೆತ್ತನೆಯ ಹಿಡಿಯ ತಲೆಯ ಒಂದು ಪಕ್ಕವನ್ನು ಚಪ್ಪಟೆಯಾಗಿ ಕೊಯ್ದಿರುವರು. ಯಾಕೆಂದರೆ ಉಳಿಯು ಲೋಹದ ಮೇಲೆ ಬಹಳ ತಗ್ಗಾದ ಓರೆಯಲ್ಲಿ ಮಲಗಿಕೊಂಡು ಹೋಗಬೇಕು. ತಲೆ ಪೂರ್ತಿ ಗುಂಡಾಗಿದ್ದರೆ ಅದು ಕೆಲಸಕ್ಕೆ ತಾಗಿ ಉಳಿಯ ತುದಿಯನ್ನು ನೆಟ್ಟಗೆ ಮೇಲೆತ್ತೀತು. ಉಳಿ ನೆಟ್ಟಗೆ ನಿಂತರೆ ಲೋಹದೊಳಗೆ ಕಚ್ಚಿಕೊಳ್ಳುವುದು, ಮುಂದೆ ಸಾಗದು. ಅತಿಯಾಗಿ ಮಲಗಿದರೆ ಕಚ್ಚದೆ ಜಾರುವುದು. ಆ ಚಪ್ಪಟೆ ಪಕ್ಕಕ್ಕೆ ಇನ್ನೊಂದು ಪ್ರಯೋಜನವೂ ಉಂಟು. ಮೇಜಿನ ಮೇಲಿಟ್ಟಾಗ ಉಳಿ ಉರುಳಿ ನೆಲಕ್ಕೆ ಬಿದ್ದು ತುದಿ ಮುರಿಯುವುದಿಲ್ಲ.

ಅಳತೆಯ ವಿಚಾರಕ್ಕೆ ಬಂದಾಗ ಆಚಾರ್ಯರು ಅಡಿಪಟ್ಟಿಯನ್ನು ಮುಟ್ಟಲಿಲ್ಲ. ಹುಡುಗನ ಕೈಯನ್ನೇ ಅಡಿಪಟ್ಟಿ ಮಾಡಿದರು. ಹಿಡಿಯ ತಲೆಯನ್ನು ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ಸಹಜವಾಗಿ ಮಡಚಿದಾಗ, ಉಳಿಯ ತುದಿಯು ಹೆಬ್ಬೆರಳಿನ ತುದಿಯಿಂದ ಅರ್ಧ ಅಂಗುಲದಿಂದ ಮುಕ್ಕಾಲು ಅಂಗುಲದಷ್ಟು ಮಾತ್ರ ಹೊರಗೆ ಚಾಚಿರಬೇಕು. ಸಾಧಾರಣ ಕೈಗೆ ಹಿಡಿ ಮತ್ತು ಉಕ್ಕು ಕೂಡಿ ನಾಲ್ಕು ಅಂಗುಲದ ಆಸುಪಾಸಿನಲ್ಲಿ ನಿಲ್ಲುವುದು. ಅಂಗಡಿಯಿಂದ ಬರುವ ಹೊಸ ಉಳಿಯು ಇದಕ್ಕಿಂತ ಉದ್ದವಾಗಿರುವುದರಿಂದ ಅದನ್ನು ಪ್ರತಿಯೊಬ್ಬನೂ ತನ್ನ ಕೈಗೆ ತಕ್ಕಂತೆ ಕುಗ್ಗಿಸಿಕೊಳ್ಳಲೇಬೇಕು. ಹುಡುಗನ ಉಳಿಗಳು ಒಂದೂವರೆ ಅಂಗುಲಕ್ಕೂ ಹೆಚ್ಚು ಹೊರಗೆ ಚಾಚಿದ್ದವು. ಅವನ್ನು ಹಿಡಿತಕ್ಕೆ ತರಲು ಅವನು ಎಂಟು ತಿಂಗಳು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿಕೊಂಡೇ ದುಡಿದಿದ್ದನು.

"ಹಾಗಾದರೆ ತುದಿಯನ್ನು ಸಾಣೆಗೆ ಹಿಡಿದು ಗಿಡ್ಡ ಮಾಡಲೇ ಅಜ್ಜ?" ಎಂದು ಹುಡುಗನು ಕೇಳಿದನು.

"ತಲೆ ಭಾರವಾಯಿತೆಂದು ತಲೆ ಕೊಯ್ಯುತ್ತಾರೆಯೇ? ಬಾಲ ಕೊಯ್ಯಿ" ಎಂದರು ಆಚಾರ್ಯರು. ತುದಿಯ ಹದ ತೀಡುವುದಕ್ಕೆ ತಗಲುವ ಶ್ರಮವೆಲ್ಲ ವ್ಯರ್ಥವಾಗುವುದೆಂದು ಅವರ ಅಭಿಪ್ರಾಯ. ಹಿಡಿಯೊಳಗೆ ಹೋಗುವ ಹಿಂಬದಿಯ ಮೊನೆಯನ್ನೇ ಮುರಿದು ಮತ್ತೆ ಮೊನೆ ಮಾಡಬೇಕು.

ಅದನ್ನು ಮರದೊಳಗೆ ಕೂರಿಸುವ ಕ್ರಮವು ನೋಡತಕ್ಕದ್ದು. ಹಿಡಿಯಲ್ಲಿ ಮೊದಲು ಬಾಲಕ್ಕಿಂತ ಸ್ವಲ್ಪ ಸಣ್ಣದಾದ ತೂತನ್ನು ನಡುಮಧ್ಯದಲ್ಲಿ ನೆಟ್ಟಗೆ ಕೊರೆದರು. ಉಳಿಯ ಕೆತ್ತುವ ತುದಿಗೆ ಒದ್ದೆ ಬಟ್ಟೆಯನ್ನು ಸುತ್ತಿ ಇಕ್ಕಳದಲ್ಲಿ ಹಿಡಿದು, ಬಾಲವನ್ನು ಮಾತ್ರ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ತೂತಿನೊಳಗೆ ಒತ್ತಿದರು. ಮರ ಸುಟ್ಟು ಹೊಗೆ ಎದ್ದಿತು. ಹೊರಗೆಳೆದು, ಬೂದಿ ಊದಿ, ಮತ್ತೊಮ್ಮೆ ಕಾಯಿಸಿ ಒತ್ತಿದರು. ಕೊನೆಗೆ ತಣ್ಣಗಾದ ಮೇಲೆ ಹಿಡಿಯನ್ನು ಮರದ ಕೊಡತಿಯಿಂದ ಮೆಲ್ಲನೆ ತಟ್ಟಿ ಭದ್ರಪಡಿಸಿದರು. ಒದ್ದೆ ಬಟ್ಟೆಯು ಏತಕ್ಕೆಂದರೆ, ತುದಿಗೆ ಕಾವು ಏರಿದರೆ ಉಕ್ಕಿನ ಹದ ಕೆಟ್ಟು ಅದು ಮೆತ್ತಗಾಗುವುದು. ಕೊರಳಿಗೆ ಒಂದು ಹಿತ್ತಾಳೆಯ ಬಳೆ ಇರಲೇಬೇಕು. ನಮ್ಮ ಅಜ್ಜಿಯಂದಿರ ಒನಕೆಯ ಬಾಯಿಗೆ ಕಬ್ಬಿಣದ ಬಳೆ ತೊಡಿಸುತ್ತಿದ್ದುದು ಯಾವ ಕಾರಣಕ್ಕೋ ಇದೂ ಅದೇ ಕಾರಣಕ್ಕೆ, ಮರ ಸೀಳದಿರಲೆಂದು.

ಈ ಬಾಲದ ವಿಚಾರದಲ್ಲಿ ಉದಾಸೀನ ತೋರಿದುದರ ಬೆಲೆಯನ್ನು ಆಚಾರ್ಯರೇ ಒಮ್ಮೆ ತೆತ್ತವರು. ಮಳೆಗಾಲದಲ್ಲಿ ಮುಂಬಯಿಯ ಗಾಳಿಯ ತೇವವನ್ನು ಕುಡಿದು ಮರ ಉಬ್ಬುವುದು. ದೀಪಾವಳಿಯ ನಂತರ ಒಣಗಿ ಕುಗ್ಗುವುದು. ಹೀಗೆ ಉಬ್ಬಿ ಕುಗ್ಗಿ ತೂತು ಸಡಿಲವಾಗುವುದು. ಅವರ ಇಪ್ಪತ್ತನೆಯ ವಯಸ್ಸಿನಲ್ಲಿ, ಅಂತಹ ಸಡಿಲಾದ ಹಿಡಿಯೊಂದರಲ್ಲಿ ಉಳಿಯು ಕೆಲಸದ ನಡುವೆ ಗಿರ್ರನೆ ತಿರುಗಿ ಜಾರಿ, ಗಿರಾಕಿಯ ಪಚ್ಚೆಯ ಅಂಚನ್ನು ಹಾರಿಸಿತು. ಕಲ್ಲುಗಳಲ್ಲಿ ಪಚ್ಚೆಯು ಗಡಸಾದುದೇ ಆದರೂ ಒಳಗೆ ಬಿರುಕುಗಳ ಜಾಲವಿರುವುದರಿಂದ ಸುಲಭವಾಗಿ ಒಡೆಯುವ ಸ್ವಭಾವದ್ದು. ಕೆಂಪು ಆಗಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ಅವರು ಈಗಲೂ ಹೇಳುವರು. ಆ ಪಚ್ಚೆಯ ಬೆಲೆಯನ್ನು ಒಡೆಯನು ಹದಿನಾಲ್ಕು ತಿಂಗಳು ಸಂಬಳದಲ್ಲಿ ಮುರಿದುಕೊಂಡನು. ಆ ವರ್ಷ ತಂದೆಯ ಶ್ರಾದ್ಧಕ್ಕೆ ಊರಿಗೆ ಹೋಗಲಾಗಲಿಲ್ಲ. "ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಗಾದೆ ಕಟ್ಟಿದ್ದಾರೆ. ಅಕ್ಕಸಾಲಿಯ ಸಂಬಳ ಹೋದ ಗಾದೆ ಯಾರೂ ಕಟ್ಟಲಿಲ್ಲ" ಎಂದು ನಕ್ಕರು. ಆ ನಗುವಿನಲ್ಲಿ ಕಹಿ ಇರಲಿಲ್ಲವೆಂದು ಹೇಳಲಾರೆ.

ಯಾವ ಮರ ಒಳ್ಳೆಯದು? ಇದರಲ್ಲಿ ಒಬ್ಬೊಬ್ಬರದು ಒಂದೊಂದು ಮತ. ಯುರೋಪಿನವರು ಬೀಚ್, ಬಾಕ್ಸ್‌ವುಡ್, ಪೇರು ಮುಂತಾದ ನುಣುಪು ಎಳೆಯ ಮರಗಳನ್ನು ಬಳಸುವರು. ಆಚಾರ್ಯರ ಪಕ್ಷಪಾತವು ಮಲೆನಾಡಿನ ಬೀಟೆಯ ಕಡೆಗೆ. ತೂಕವಿರುವ, ಬೆವರಿಗೆ ಜಗ್ಗದ, ವರ್ಷಗಳು ಕಳೆದಂತೆ ಅಂಗೈಯ ಎಣ್ಣೆಯನ್ನು ಹೀರಿ ಕನ್ನಡಿಯಂತೆ ಹೊಳೆಯುವ ಮರವದು. ಚನ್ನಪಟ್ಟಣದ ಬೊಂಬೆಗಳನ್ನು ಕಡೆಯುವ ಹಾಲೆಮರವೂ ಹಗುರಾಗಿ, ಬಿಳುಪಾಗಿ, ಎಳೆ ಸಣ್ಣದಾಗಿರುವುದರಿಂದ ದಿನವಿಡೀ ಕೆತ್ತುವ ಸಣ್ಣ ಕೈಗೆ ಒಳ್ಳೆಯದೇ ಎಂದು ನನ್ನ ತರ್ಕ. ಆಚಾರ್ಯರು ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಪ್ಲಾಸ್ಟಿಕ್ಕನ್ನು ಮಾತ್ರ ಅವರು ಸುತರಾಂ ಸಹಿಸರು. ಬೆವರಿದ ಕೈಯಲ್ಲಿ ಅದು ಜಾರುವುದು. ಜಾರದಿರಲೆಂದು ಬಿಗಿಯಾಗಿ ಹಿಡಿಯಬೇಕು. ಬಿಗಿ ಹಿಡಿದಷ್ಟೂ ಕೈ ಸೋಲುವುದು. ದೋಸೆಯ ಕಾವಲಿಯ ಮುಂದೆ ನಿಲ್ಲುವ ನಮ್ಮ ಭಟ್ಟರುಗಳಿಗೆ ಇದು ಅನುಭವಸಿದ್ಧ. ಮರದ ಹಿಡಿಯ ಸಟ್ಟುಗವನ್ನು ಎರಡು ಬೆರಳಿನಲ್ಲಿ ಆಡಿಸುವವರಿಗೆ, ಬರಿ ಉಕ್ಕಿನ ಸಟ್ಟುಗವನ್ನು ಕೊಟ್ಟು ಮುನ್ನೂರು ದೋಸೆ ತೆಗೆಯಿರೆಂದರೆ, ಸಂಜೆಗೆ ಮುಂಗೈ ಏನಾಗುವುದೆಂದು ಅವರನ್ನೇ ಕೇಳಿ ನೋಡಬಹುದು.

ಹರಳು ಕೂರಿಸುವವನಿಗೆ ಒಂದೇ ಹಿಡಿ ಸಾಲದು. ಹೆರೆಯುವ ಉಳಿಗೆ ಅಣಬೆಯಾಕಾರ ಸರಿ. ಆದರೆ ಹರಳನ್ನು ಹಿಡಿಯುವ ಚಿನ್ನದ ಕೊಕ್ಕೆಗಳನ್ನು ಕಲ್ಲಿನ ಮೇಲೆ ಒತ್ತಿ ಮಡಚುವ ಒತ್ತುಗೋಲಿಗೆ, ಕಾರ್ಖಾನೆಯ ಭಾಷೆಯಲ್ಲಿ ಪುಷರಿಗೆ, ತಲೆ ದೊಡ್ಡದಾಗಿ, ಗಿಡ್ಡವಾಗಿ, ಇಡೀ ಮುಷ್ಟಿ ತುಂಬುವಂತಿರಬೇಕು. ಅಲ್ಲಿ ಸೂಕ್ಷ್ಮತೆಗಿಂತ ಬಲವೇ ಮುಖ್ಯ. ಮಣಿಗಳ ತಲೆ ದುಂಡು ಮಾಡುವ ಗುಳಿಮೊನೆಯ ಕಡ್ಡಿಗೆ ಬೆರಳುಗಳ ನಡುವೆ ತಿರುಗುವಂತಹ ಸಣ್ಣ ಗುಂಡು ಹಿಡಿ ಸಾಕು. ನಮ್ಮ ದೇಶದ ಕುಂದಣದ ಕೆಲಸದಲ್ಲಿಯಂತೂ ಕೊಕ್ಕೆಗಳೇ ಇಲ್ಲ. ಅಪ್ಪಟ ಚಿನ್ನದ ತೆಳುರೇಕನ್ನು ಹರಳಿನ ಸುತ್ತ ಉಕ್ಕಿನ ಕಡ್ಡಿಯಿಂದ ಒತ್ತುತ್ತ ಹೋದರೆ, ಬೆಂಕಿಯಿಲ್ಲದೆ, ಬೆಸುಗೆಯಿಲ್ಲದೆ, ಚಿನ್ನವು ಚಿನ್ನಕ್ಕೆ ತಾನಾಗಿ ಅಂಟಿಕೊಳ್ಳುವುದು. ಅಷ್ಟು ಮೃದು ಅದು. ಅಲ್ಲಿ ಭಾರವಾದ ಹಿಡಿಯು ಬರೀ ಹೊರೆ.

ಆಚಾರ್ಯರ ಹಳೆಯ ತಗಡಿನ ಪೆಟ್ಟಿಗೆಯಲ್ಲಿ ಮೂವತ್ತಕ್ಕೂ ಹೆಚ್ಚು ಹಿಡಿಗಳಿದ್ದವು. ಒಂದರಂತೆ ಇನ್ನೊಂದಿಲ್ಲ. ಒಂದರ ಕೊರಳಿಗೆ ಗೀರು, ಇನ್ನೊಂದಕ್ಕೆ ಎರಡು ಗೀರು, ಮತ್ತೊಂದಕ್ಕೆ ದಾರ ಸುತ್ತಿದೆ, ಮಗುದೊಂದರ ತಲೆಗೆ ಅರಗಿನ ಬೊಟ್ಟು. ಹರಳಿನಿಂದ ಕಣ್ಣು ಕೀಳದೆ, ಕೈ ಚಾಚಿದಾಗ ಬೆರಳಿಗೇ ಗುರುತು ಸಿಗಬೇಕಂತೆ. ಅವುಗಳಲ್ಲಿ ಕೆಲವು ಉಳಿದವುಗಳಿಗಿಂತ ಎದ್ದು ಕಾಣುವಷ್ಟು ದಪ್ಪನಾಗಿದ್ದವು. "ಇದೇಕೆ ಹೀಗೆ?" ಎಂದು ಕೇಳಿದೆ.

"ಅವು ಹದಿನಾಲ್ಕು ಕ್ಯಾರೆಟ್ಟಿನವು" ಎಂದರು.

ಇಲ್ಲಿ ಸ್ವಲ್ಪ ಹಿಂದಿನ ವಿಷಯವನ್ನು ಹೇಳಬೇಕಾಗಿದೆ. ಚೀನದ ಆಕ್ರಮಣದ ಬೆನ್ನಿಗೆ, ೧೯೬೩ರ ಜನವರಿಯಲ್ಲಿ, ಅಂದಿನ ಅರ್ಥಸಚಿವ ಮೊರಾರ್ಜಿ ದೇಸಾಯಿಯವರು ಚಿನ್ನದ ನಿಯಂತ್ರಣದ ನಿಯಮಗಳನ್ನು ಜಾರಿಗೆ ತಂದರು. ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಹೊಸ ಆಭರಣಗಳನ್ನು ಮಾಡುವುದು ನಿಷಿದ್ಧವಾಯಿತು. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರ ಅಗ್ಗಿಷ್ಟಿಕೆಗಳು ಆರಿದವು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ೧೯೬೬ರಲ್ಲಿ ಶುದ್ಧತೆಯ ಈ ನಿರ್ಬಂಧವು ಸಡಿಲಾಯಿತು. ೧೯೬೮ರಲ್ಲಿ ಅದರ ಜಾಗಕ್ಕೆ ಬೇರೊಂದು ಚಿನ್ನ ನಿಯಂತ್ರಣ ಕಾಯಿದೆ ಬಂದು, ಅದೂ ೧೯೯೦ರಲ್ಲಿ ರದ್ದಾಯಿತು. ಇವು ಪುಸ್ತಕದ ಮಾತುಗಳು. ಹದಿನೇಳು ವರ್ಷದ ಕೆತ್ತನೆಗಾರನಿಗೆ ಅದು ಹೇಗಿತ್ತೆಂದರೆ, ಒಂದು ಬೆಳಿಗ್ಗೆ ಒಡೆಯನು ಕೋಣೆಗೆ ಬೀಗ ಹಾಕಿ ಬೀಗದಕೈಯನ್ನು ಜೇಬಿಗೆ ಇಳಿಸಿದನು.

"ಒಂದೂವರೆ ವರ್ಷ ಮಾಟುಂಗದ ಹೋಟೆಲೊಂದರಲ್ಲಿ ಕಪ್ಪುಬಸಿ ತೊಳೆದೆ ಮಾರಾಯ್ರೇ" ಎಂದರು ಆಚಾರ್ಯರು. "ನಮ್ಮ ಊರಿನವರೇ, ಊಟ ಹಾಕಿ ಮಲಗಲಿಕ್ಕೆ ಜಾಗ ಕೊಟ್ಟರು. ಪೆಟ್ಟಿಗೆಯನ್ನು ಅಟ್ಟದ ಮೇಲೆ ಅಕ್ಕಿಮೂಟೆಯ ಹಿಂದೆ ಇಟ್ಟಿದ್ದೆ. ರಾತ್ರಿ ಕೆಲಸ ಮುಗಿದ ಮೇಲೆ ಒಂದು ಹಿಡಿಯನ್ನು ತೆಗೆದು ಸುಮ್ಮನೆ ಅಂಗೈಯಲ್ಲಿ ಇಟ್ಟುಕೊಂಡು ಮಲಗುತ್ತಿದ್ದೆ. ಸೋಡಾನೀರಿನಲ್ಲಿ ಚರ್ಮ ಬಿರಿದಿತ್ತು. ಕೈಗೆ ಅಭ್ಯಾಸ ತಪ್ಪಬಾರದಲ್ಲ."

ಮರಳಿ ಕೆಲಸ ಸಿಕ್ಕಿದಾಗ ಚಿನ್ನವೇ ಬೇರೆಯಾಗಿತ್ತು. ಇಪ್ಪತ್ತೆರಡು ಕ್ಯಾರೆಟ್ಟಿನಲ್ಲಿ ಸಾವಿರಕ್ಕೆ ೯೧೬ ಪಾಲು ಚಿನ್ನವಿದ್ದರೆ, ಹದಿನಾಲ್ಕರಲ್ಲಿ ೫೮೫ ಪಾಲು ಮಾತ್ರ. ಉಳಿದುದು ತಾಮ್ರ, ಬೆಳ್ಳಿ ಮೊದಲಾದ ಬೆರಕೆ. ಬೆರಕೆ ಹೆಚ್ಚಿದಷ್ಟೂ ಲೋಹ ಗಡಸು. ಬೆಣ್ಣೆಯಂತೆ ಸೀಳುತ್ತಿದ್ದ ಉಳಿಯು ಈಗ ಮುಕ್ಕಾಲು ದಾರಿಗೆ ನಿಲ್ಲತೊಡಗಿತು. ಹಳೆಯ ಸಣ್ಣ ಹಿಡಿಗಳಿಂದ ಅಷ್ಟು ಬಲವನ್ನು ಹಾಕಿದರೆ ಅಂಗೈಯಲ್ಲಿ ಕಲೆ ಬಿದ್ದು ನೆತ್ತರು ಹೆಪ್ಪುಗಟ್ಟುತ್ತಿತ್ತು. ಒತ್ತಡವು ಅಗಲವಾಗಿ ಹಂಚಿಹೋಗಲೆಂದು ಅವರು ದಪ್ಪ ತಲೆಯ ಹಿಡಿಗಳನ್ನು ಕಡೆಸಿಕೊಂಡರು. ದೆಹಲಿಯಲ್ಲಿ ಬರೆದ ಒಂದು ನಿಯಮವು ಕಾಲಬಾದೇವಿಯ ಒಂದು ಮರದ ಹಿಡಿಯ ಸುತ್ತಳತೆಯನ್ನು ಹೆಚ್ಚಿಸಿದ ಕಥೆಯಿದು. ಯಾವ ಗೆಜೆಟ್ಟಿನಲ್ಲಿಯೂ ಇದು ದಾಖಲಾಗಿಲ್ಲ.

ಕೆತ್ತುವ ಕೈಗಳು ಚಿನ್ನಕ್ಕಷ್ಟೇ ದುಡಿದವಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು. ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ ಅಕ್ಕಸಾಲಿಗನ ಮಗ. ತಂದೆಯ ಕಮ್ಮಟದಲ್ಲಿ ಉಳಿ ಹಿಡಿಯಲು ಕಲಿತವನೇ ಮುಂದೆ ತಾಮ್ರದ ತಗಡಿನ ಮೇಲೆ ಜಗತ್ಪ್ರಸಿದ್ಧ ಚಿತ್ರಗಳನ್ನು ಕೆತ್ತಿದನು. ೧೭೭೮ರಲ್ಲಿ ಹೂಗ್ಲಿಯಲ್ಲಿ ಮುದ್ರಣವಾದ ಬಂಗಾಳಿ ವ್ಯಾಕರಣಕ್ಕೆ ಚಾರ್ಲ್ಸ್ ವಿಲ್ಕಿನ್ಸನೊಡನೆ ಅಚ್ಚುಮೊಳೆಗಳನ್ನು ಸಿದ್ಧಪಡಿಸಿದ ಪಂಚಾನನ ಕರ್ಮಕಾರನೂ ಲೋಹ ಕೆತ್ತುವವರ ಮನೆತನದವನು. ಮೊಳೆಯಚ್ಚಿನ ಕಾಲದಲ್ಲಿ ಒಂದೊಂದು ಅಕ್ಷರಕ್ಕೂ ಮೂಲವಾದ ಉಕ್ಕಿನ ಪಡಿಯಚ್ಚನ್ನು ಯಾರೋ ಒಬ್ಬನು ಅಂಗೈಯ ಬಲದಿಂದ ಕೆತ್ತಿರಲೇಬೇಕು. ನಾವು ಓದಿ ಬೆಳೆದ ಪತ್ರಿಕೆಗಳ ಹಿಂದೆಯೂ ಹೀಗೊಂದು ಹಿಡಿ ಇತ್ತು.

ಈಗ ಯಂತ್ರಗಳು ಬಂದಿವೆ. ಗಾಳಿಯ ಒತ್ತಡದಿಂದ ನಿಮಿಷಕ್ಕೆ ಸಾವಿರಾರು ಸಣ್ಣ ಪೆಟ್ಟುಗಳನ್ನು ಕೊಡುವ ಕೈಯುಪಕರಣಗಳಿವೆ. ಅಮೆರಿಕದ ಕ್ಯಾನ್ಸಾಸ್ ಪ್ರಾಂತದ ಎಂಪೋರಿಯಾ ಎಂಬ ಊರಿನಲ್ಲಿ ತಯಾರಾಗುವವು ಬಹಳ ಹೆಸರಾಗಿವೆ. ಅಂಧೇರಿಯಲ್ಲಿ ೧೯೭೩ರಲ್ಲಿ ಸ್ಥಾಪನೆಯಾದ ಸೀಪ್ಜ್ ರಫ್ತು ವಲಯದ ಆಭರಣ ಘಟಕಗಳಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಹರಳು ಕೂರಿಸುವರು. ಅಕ್ಷರ ಕೆತ್ತುವುದನ್ನು ಲೇಸರ್ ಕಿರಣವೇ ಮಾಡಿ ಮುಗಿಸುವುದು. ಆಚಾರ್ಯರಿಗೆ ಇವುಗಳ ಮೇಲೆ ಹಗೆಯಿಲ್ಲ. "ಗಾಳಿಯ ಯಂತ್ರ ಬಂದರೂ ಅದನ್ನು ಹಿಡಿಯುವುದು ಕೈ ತಾನೆ? ಅದರ ತಲೆಯೂ ಅಣಬೆಯ ಹಾಗೇ ಇದೆ, ನೋಡಿದ್ದೇನೆ" ಎಂದಷ್ಟೇ ಅವರ ಟೀಕೆ. ಆದರೆ ಅಂತಹ ಯಂತ್ರಗಳು ಸಣ್ಣ ಕಾರ್ಖಾನೆಯ ಕಲಿ ಹುಡುಗನ ಪಾಲಿಗೆ ಬರುವುದು ಯಾವಾಗಲೋ. ಸದ್ಯ ಅವನ ಪಾಲಿಗಿರುವುದು ಅಂಗೈ ಮಾತ್ರ.

ಆ ಅಂಗೈಯಲ್ಲಿ ಹಿಡಿಯನ್ನು ಎಲ್ಲಿ ಊರಬೇಕೆಂಬುದು ಕೊನೆಯ ಪಾಠವಾಯಿತು. ಹುಡುಗನು ಅದನ್ನು ಅಂಗೈ ಬುಡದ ನಟ್ಟನಡುವೆ, ಮಣಿಕಟ್ಟಿನ ಗೆರೆಯ ಮೇಲೆಯೇ ಒತ್ತಿಕೊಳ್ಳುತ್ತಿದ್ದನು. ಅಲ್ಲಿಯೇ ಮಣಿಕಟ್ಟಿನ ಇಕ್ಕಟ್ಟಾದ ಸುರಂಗದ ಮೂಲಕ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಸ್ಪರ್ಶಜ್ಞಾನವನ್ನು ಕೊಡುವ ನರವು ಹಾದುಹೋಗುವುದೆಂದು ವೈದ್ಯರು ಹೇಳುವರು. ಅದರ ಮೇಲೆ ದಿನಕ್ಕೆ ಹತ್ತು ಗಂಟೆ ಗಟ್ಟಿ ಪ್ಲಾಸ್ಟಿಕ್ಕು ಒತ್ತಿದರೆ ಬೆರಳುಗಳು ಜೋಮು ಹಿಡಿಯದೆ ಮತ್ತೇನು? ಆಚಾರ್ಯರಿಗೆ ನರದ ಹೆಸರು ಗೊತ್ತಿಲ್ಲ. ಆದರೆ ಅವರು ಹಿಡಿಯ ತಲೆಯನ್ನು ಕಿರುಬೆರಳಿನ ಕೆಳಗಿನ ಮಾಂಸಲವಾದ ದಿಣ್ಣೆಗೆ ಸರಿಸಿ, ಮಣಿಕಟ್ಟನ್ನು ತೋಳಿನ ನೇರಕ್ಕೆ ತಂದು ನಿಲ್ಲಿಸಿದರು. "ಉಳಿಯನ್ನು ತಿರುಗಿಸಬೇಡ, ಕೆಲಸವನ್ನು ತಿರುಗಿಸು" ಎಂದು, ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ಒಂದು ತಾಮ್ರದ ತಗಡನ್ನಿಟ್ಟು, ಎಡಗೈಯಿಂದ ತಗಡನ್ನು ಮೆಲ್ಲನೆ ಸುತ್ತಿಸುವುದನ್ನು ತೋರಿಸಿದರು. ಬಾಗುಗೆರೆಯು ಎಡಗೈಯಿಂದ ಹುಟ್ಟುವುದು. ಬಲಗೈ ಮುಂದಕ್ಕೆ ತಳ್ಳುವುದಷ್ಟೆ. ಜೊತೆಗೆ ತುದಿ ಸದಾ ಹರಿತವಾಗಿರಬೇಕು. ಮೊಂಡು ಉಳಿಗೆ ಯಾವ ಹಿಡಿಯೂ ಮದ್ದಲ್ಲ.

ಹುಡುಗನಿಗೆ ಅವರು ಆ ದಿನ ಮೂರು ಹಿಡಿಗಳನ್ನು ಪೆಟ್ಟಿಗೆಯಿಂದ ಆರಿಸಿ ಕೊಟ್ಟರು. ಒಂದರ ತಲೆಯನ್ನು ಅರದಿಂದ ಉಜ್ಜಿ, ಮರಳುಕಾಗದದಿಂದ ನಯಮಾಡಿ, ಅವನ ಅಂಗೈಗೆ ಇಟ್ಟು ನೋಡಿ, ಮತ್ತೆ ಉಜ್ಜಿ, ಹೀಗೆ ನಾಲ್ಕು ಸಲ ತಿದ್ದಿದರು. ಹೊಸದಾಗಿ ಕೊಳ್ಳುವುದಾದರೆ ಕಾಲಬಾದೇವಿಯ ವಿಠ್ಠಲವಾಡಿಯ ಉಪಕರಣದಂಗಡಿಗಳಿಗೆ ಹೋಗಬೇಕೆಂದೂ, ಕಟ್ಟಿನಲ್ಲಿ ಕೊಳ್ಳದೆ ಒಂದೊಂದನ್ನೂ ಕಣ್ಣು ಮುಚ್ಚಿಕೊಂಡು ಅಂಗೈಯಲ್ಲಿಟ್ಟು ನೋಡಿ ಆರಿಸಬೇಕೆಂದೂ ಹೇಳಿದರು. ಮರದ ಎಳೆಯು ಉಳಿಯ ಉದ್ದಕ್ಕೇ ಸಾಗಿರಬೇಕು, ಅಡ್ಡ ಎಳೆಯಿದ್ದರೆ ಬಿಡಬೇಕು. ದಪ್ಪ ಬಣ್ಣ ಬಳಿದುದನ್ನು ಮುಟ್ಟಲೇಬಾರದು, ಬಣ್ಣದ ಕೆಳಗೆ ಬಿರುಕಿರುವುದು.

"ಎಷ್ಟು ಕೊಡಲಿ ಅಜ್ಜ?" ಎಂದು ಹುಡುಗನು ಸಂಕೋಚದಿಂದ ಕೇಳಿದನು.

"ಊರಿಗೆ ಹೋದವನು ಬರುವಾಗ ಹಲಸಿನ ಹಪ್ಪಳ ತಾ. ಊರಿಗೇ ಹೋಗಿ ಕೂರುವುದಾದರೆ ಹಿಡಿಗಳನ್ನು ಇಲ್ಲೇ ಬಿಟ್ಟು ಹೋಗು" ಎಂದರು.

ಕೈ ಜೋಮು ಹಿಡಿಯುವುದನ್ನು ಹಿಡಿ ಬದಲಾಯಿಸುವುದರಿಂದಲೇ ಗುಣಪಡಿಸಿಕೊಳ್ಳಬಹುದೆಂದು ಯಾರೂ ಭಾವಿಸಬಾರದು. ಮರುದಿನವೇ ಅವನನ್ನು ಸರಕಾರಿ ಆಸ್ಪತ್ರೆಗೆ ಕಳುಹಿಸಿದೆವು. ವೈದ್ಯರು ರಾತ್ರಿ ಕಟ್ಟಿಕೊಳ್ಳಲು ಮಣಿಕಟ್ಟಿಗೊಂದು ಪಟ್ಟಿ ಕೊಟ್ಟು, ಮೂರು ವಾರ ಉಳಿಯನ್ನು ಮುಟ್ಟಕೂಡದೆಂದರು. ಇನ್ನೂ ತಡಮಾಡಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತಿತ್ತು ಎಂದೂ ಎಚ್ಚರಿಸಿದರಂತೆ. ಆ ಮೂರು ವಾರ ಅವನು ಮಾವನ ಹೋಟೆಲಿನಲ್ಲಿ ಎಡಗೈಯಿಂದ ಬಿಲ್ಲು ಹರಿದುಕೊಟ್ಟನು.

ಈಗ ಅವನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ. ರಾತ್ರಿಯ ಜೋಮು ಪೂರ್ತಿ ಹೋಗಿಲ್ಲ, ವಾರಕ್ಕೊಮ್ಮೆ ಎರಡು ಸಲ ಬರುವುದು. ಕಾರ್ಖಾನೆಯ ಮೇಸ್ತ್ರಿಯು ಎಲ್ಲರಂತಲ್ಲದ ಈ ಹಳೆಯ ಹಿಡಿಗಳನ್ನು ಕಂಡು ಮೊದಲು ಗದರಿದನಂತೆ. ಬಳಿಕ ಒಂದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿ, ಎಲ್ಲಿ ಸಿಕ್ಕಿತೆಂದು ಕೇಳಿದನಂತೆ. ಮೊನ್ನೆ ನಾನು ದೂರವಾಣಿಯಲ್ಲಿ ಆಚಾರ್ಯರಿಗೆ ಈ ಸಂಗತಿಯನ್ನು ತಿಳಿಸಿದಾಗ ಅವರು ಅದಕ್ಕೆ ಏನನ್ನೂ ಹೇಳಲಿಲ್ಲ. ಮಳೆಗಾಲ ಕಳೆದು ದೀಪಾವಳಿ ಮುಗಿಯುತ್ತಲೇ ಮೂರನ್ನೂ ತೆಗೆದುಕೊಂಡು ಬರಲಿ, ಬಾಲ ಸಡಿಲಾಗಿದೆಯೋ ನೋಡಬೇಕು ಎಂದು ಮಾತ್ರ ಹೇಳಿದರು. ಹಪ್ಪಳದ ವಿಷಯವನ್ನೂ ಜ್ಞಾಪಿಸಿದರು.